ಹಳೆ ಓನರ್ ಮಾತಿಗೆ ಎಷ್ಟು ತೂಕ? ಒಂದು ಬಾಡಿಗೆ ಮನೆಯ ಪ್ರಕರಣ

ಬೆಂಗಳೂರಿನ ಬನಶಂಕರಿ 3ನೇ ಹಂತ. 30×40 ಸೈಟಿನಲ್ಲಿ ಕಟ್ಟಿದ ಮನೆ, ಕೆಳಗೆ ನಿವೃತ್ತ ದಂಪತಿ, ಮೇಲೆ ಬಾಡಿಗೆಗೆ ಎರಡು ಬೆಡ್‌ರೂಮಿನ ಮನೆ. ಬಾಡಿಗೆ ₹26,000, ನೀರಿಗೆ ₹500, ಅಡ್ವಾನ್ಸ್ ₹1,50,000. ಜೂನ್ 1ರಿಂದ ಖಾಲಿ. ಟು-ಲೆಟ್ ಬೋರ್ಡ್ ನೋಡಿಕೊಂಡು ಬಂದವರಲ್ಲಿ ಒಂದು ಕುಟುಂಬ ದಂಪತಿಗೆ ಹಿಡಿಸಿತು. ಗಂಡ ಖಾಸಗಿ ಕಂಪನಿಯಲ್ಲಿ, ಹೆಂಡತಿ ಶಾಲೆಯಲ್ಲಿ ಟೀಚರ್, ಐದನೇ ಕ್ಲಾಸಿನ ಮಗು. ಇಬ್ಬರ ಕೈಗೆ ಬರುವ ಸಂಬಳ ಸೇರಿ ₹82,000, ಬೈಕು ಮತ್ತು ಒಡವೆ ಸಾಲದ ಕಂತು ₹9,500. ಈಗ ನಾಗರಬಾವಿಯಲ್ಲಿದ್ದಾರೆ, ಅದಕ್ಕೂ ಮೊದಲು ನಾಲ್ಕು ವರ್ಷ ರಾಜಾಜಿನಗರದಲ್ಲಿದ್ದರು. ಕೇಳಿದ ತಕ್ಷಣ ಎರಡೂ ಮನೆಯ ಓನರ್ ನಂಬರ್ ಕೊಟ್ಟರು.

ಇದು ಈ ಊರಿನಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಪ್ರಕರಣ. ಅಂಕಿಗಳನ್ನು ಲೆಕ್ಕ ತೋರಿಸಲು ಇಟ್ಟುಕೊಂಡಿದ್ದೇವೆ.

ಮನೆ ಯಜಮಾನರು ಅಂದೇ ಸಂಜೆ ಎರಡೂ ಕಡೆ ಫೋನ್ ಮಾಡಿದರು. ನಾಗರಬಾವಿ ಓನರ್: "ಕಣ್ಣು ಮುಚ್ಕೊಂಡು ಕೊಡಿ ಸಾರ್, ಬಂಗಾರದಂಥ ಜನ. ಬಾಡಿಗೆ ಒಂದಿನ ಲೇಟಿಲ್ಲ." ರಾಜಾಜಿನಗರದ ಓನರಮ್ಮ: "ಅಯ್ಯೋ, ಅವರಿಗಾ? ಬಾಡಿಗೆಗೆ ಸತಾಯಿಸಿದ್ರು, ಮನೆ ಹಾಳು ಮಾಡಿಟ್ಟು ಹೋದ್ರು. ನಿಮ್ಮಿಷ್ಟ ಸಾರ್, ನಾನೇನೂ ಹೇಳಲ್ಲ." ಕೆಳಗಿನ ಮನೆಯಲ್ಲಿ ಅವತ್ತು ರಾತ್ರಿ ಅದೇ ಚರ್ಚೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಆದರೆ ಯಾರು?

ಪ್ರಶ್ನೆಯೇ ತಪ್ಪು. ಇಬ್ಬರೂ ಶುದ್ಧ ಸುಳ್ಳೇನೂ ಹೇಳಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಅಡ್ವಾನ್ಸ್ ಲೆಕ್ಕದ ಒಳಗೆ ಕೂತು ಮಾತಾಡಿದ್ದರು, ಅಷ್ಟೆ.

ಅಡ್ವಾನ್ಸ್ ಎಲ್ಲಿದೆ ಎಂದು ಮೊದಲು ನೋಡಿ

ಬೆಂಗಳೂರಿನಲ್ಲಿ ಹಳೆ ಓನರ್ ಕೊಡುವ ಅಭಿಪ್ರಾಯವನ್ನು ಬೇರೆ ಊರಿನ ಹಾಗೆ ಓದಲಾಗದು. ಇಲ್ಲಿ ಅಡ್ವಾನ್ಸ್ ದೊಡ್ಡದು. ಹತ್ತು ತಿಂಗಳ ಬಾಡಿಗೆ ಹಳೆ ವಾಡಿಕೆ, ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದಾದರೂ ರಾಜ್ಯ ಅಳವಡಿಸಿಕೊಳ್ಳದೆ ಅಂಥ ಮಾದರಿ ತಾನಾಗಿ ಜಾರಿಗೆ ಬರುವುದಿಲ್ಲ. ಲಕ್ಷಗಟ್ಟಲೆ ದುಡ್ಡು ಇನ್ನೊಬ್ಬರ ಕೈಯಲ್ಲಿರುವಾಗ, ಅದು ವಾಪಸ್ ಆಗಬೇಕಾದ ಹೊತ್ತಿನಲ್ಲೇ ನಿಮ್ಮ ಫೋನ್ ಹೋಗುತ್ತದೆ. ಆಡುವ ಪ್ರತಿ ಮಾತಿಗೂ ಆ ದುಡ್ಡಿನ ವಾಸನೆ ಇರುತ್ತದೆ.

ಈಗಿನ ಓನರ್‌ಗೆ ಮನೆ ಬೇಗ ಖಾಲಿಯಾಗಬೇಕಿದ್ದರೆ ಹೊಗಳಿಕೆ ಸುಲಭವಾಗಿ ಬರುತ್ತದೆ. ಕಾಟ ಕೊಡುವ ಬಾಡಿಗೆದಾರನನ್ನು ಸಾಗಹಾಕಲು ಹೊಗಳಿಕೆಯಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಖಾಲಿ ಮಾಡಿಸುವುದು ಎಷ್ಟು ಕಷ್ಟ ಎಂಬುದು ಅವರಿಗೂ ಗೊತ್ತು: 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ ₹3,500 ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ, ಅಂದರೆ ಇವತ್ತಿನ ಬಹುತೇಕ ಮನೆಗಳು ಅದರ ಹೊರಗೆ. ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ನೋಟಿಸು, ಸಿವಿಲ್ ಕೋರ್ಟು. ಹಾಗಾಗಿ "ಬಂಗಾರದಂಥ ಜನ" ಕೇಳಿದಾಗ ಮೊದಲು ಕೇಳಬೇಕಾದ್ದು, ಬಂಗಾರವನ್ನು ಇವರು ಯಾಕೆ ಬಿಟ್ಟುಕೊಡುತ್ತಿದ್ದಾರೆ?

ಹಿಂದಿನ ಹಿಂದಿನ ಓನರ್‌ಗೆ ಈ ಆಸೆ ಇಲ್ಲ. ಬಾಡಿಗೆದಾರ ಎಲ್ಲಿಗೆ ಹೋದರೂ ಅವರಿಗೆ ಲಾಭ-ನಷ್ಟ ಇಲ್ಲ. ಅದಕ್ಕೇ ಅವರ ಮಾತಿಗೆ ಸಾಮಾನ್ಯವಾಗಿ ಹೆಚ್ಚು ಬೆಲೆ. ಆದರೆ ಅಡ್ವಾನ್ಸ್ ವಾಪಸಾತಿಯಲ್ಲಿ ಜಗಳವಾಗಿದ್ದರೆ ನಾಲ್ಕು ವರ್ಷದ ನೆನಪೆಲ್ಲ ಕೊನೆಯ ವಾರದ ಬಣ್ಣದಲ್ಲೇ ಬರುತ್ತದೆ. ಇಲ್ಲಿ ಆಗಿದ್ದೂ ಅದೇ.

ಎರಡನೇ ಸಲ, ಕ್ರಮವಾಗಿ

ದಂಪತಿ ಮನೆ ಕೊಡುವ, ಬಿಡುವ ನಿರ್ಧಾರವನ್ನು ನಾಲ್ಕು ದಿನ ಮುಂದೆ ಹಾಕಿದರು. ಮೊದಲ ಕೆಲಸ ಅನುಮತಿ. ಬಂದವರಿಂದ ಒಂದು ವಾಟ್ಸಾಪ್ ಮೆಸೇಜ್ ತೆಗೆದುಕೊಂಡರು: "ನನ್ನ ಈಗಿನ ಮತ್ತು ಹಿಂದಿನ ಮನೆಯ ಓನರ್ ಜೊತೆ ಬಾಡಿಗೆ ಪಾವತಿ, ಇದ್ದ ಅವಧಿ, ಅಡ್ವಾನ್ಸ್ ಬಗ್ಗೆ ಮಾತಾಡಲು ಒಪ್ಪಿಗೆ ಇದೆ." ಎರಡೇ ಸಾಲು, ಆದರೆ ಇದನ್ನು ಬಿಟ್ಟರೆ ಆಗುವ ಎಡವಟ್ಟು ದೊಡ್ಡದು. ಎಷ್ಟೋ ಜನ ಹೊಸ ಮನೆ ಗಟ್ಟಿಯಾಗುವ ತನಕ ಈಗಿನ ಓನರ್‌ಗೆ ಬಾಯಿ ಬಿಟ್ಟಿರುವುದಿಲ್ಲ. ನೀವು ಫೋನ್ ಮಾಡಿ ವಿಷಯ ಒಡೆದುಬಿಟ್ಟು, ಕೊನೆಗೆ ಮನೆ ಬೇರೆಯವರಿಗೆ ಕೊಟ್ಟರೆ ಅವರು ಎರಡೂ ಕಡೆ ಕಳೆದುಕೊಳ್ಳುತ್ತಾರೆ. ಅಂಥ ಸಂದರ್ಭದಲ್ಲಿ ಹಿಂದಿನ ಓನರ್ ಜೊತೆ ಮೊದಲು ಮಾತಾಡಿ, ಈಗಿನವರನ್ನು ಟೋಕನ್ (ಮನೆ ಗಟ್ಟಿ ಮಾಡಲು ಮೊದಲು ಕೊಡುವ ಸಣ್ಣ ಮೊತ್ತ) ಆದಮೇಲೆ, ಅಗ್ರಿಮೆಂಟಿಗೆ ಮುಂಚೆ ವಿಚಾರಿಸಬೇಕು. ಉತ್ತರ ಹೊಂದದಿದ್ದರೆ ಟೋಕನ್ ಪೂರ್ತಿ ವಾಪಸ್ ಎಂದು ಮೊದಲೇ ಹೇಳಿರಬೇಕು.

ಎರಡನೆಯದು, ಆ ಕಡೆ ಮಾತಾಡಿದವರು ನಿಜವಾಗಿ ಓನರ್ರಾ? ಗೆಳೆಯನ ನಂಬರ್ ಕೊಟ್ಟು "ನಮ್ಮ ಓನರ್" ಅನ್ನುವುದು ಹಳೆಯ ಆಟ. ಹಿಡಿಯಲು ಗೂಢಚಾರಿಕೆ ಬೇಕಿಲ್ಲ. ಈಗಿನ ಮನೆಯ ಅಗ್ರಿಮೆಂಟ್ ಪ್ರತಿ ಕೇಳಿ, ಬಾಡಿಗೆ ಹೋಗಿರುವ ಯುಪಿಐ ಹೆಸರು ನೋಡಿ, ಫೋನಿನಲ್ಲಿ ಮಾತಾಡಿದವರ ಹೆಸರು ಕೇಳಿ. ಮೂರೂ ಒಂದೇ ಇದ್ದರೆ ಸರಿ. ಇಲ್ಲಿ ಮೂರೂ ಹೊಂದಲಿಲ್ಲ: ಅಗ್ರಿಮೆಂಟ್ ವಯಸ್ಸಾದ ತಾಯಿಯ ಹೆಸರಲ್ಲಿ, ದುಡ್ಡು ಹೋಗುತ್ತಿದ್ದುದು ಮಗನ ಖಾತೆಗೆ, ಮಾತಾಡಿದ್ದೂ ಮಗ. ಇದು ಅನುಮಾನಕ್ಕೆ ಕಾರಣವಲ್ಲ, ಬೆಂಗಳೂರಿನ ಅರ್ಧ ಮನೆಗಳು ಹೀಗೇ ನಡೆಯುತ್ತವೆ. ಆದರೆ ಕೇಳಬೇಕು, ಇಬ್ಬರನ್ನೂ ಬೇರೆ ಬೇರೆಯಾಗಿ. ಬಾಡಿಗೆದಾರರೂ ಮಗನೂ ಒಂದೇ ಕಾರಣ ಹೇಳಿದರು: ತಾಯಿಗೆ ಓಡಾಟ ಆಗುವುದಿಲ್ಲ, ವ್ಯವಹಾರ ಮಗನದು.

ಇನ್ನೂ ಖಾತರಿ ಬೇಕಿದ್ದರೆ ಆ ಮನೆಯಲ್ಲಿ ಇದ್ದವರಿಗೆ, ಕಟ್ಟಿಸಿದವರಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ. "ಮೇಲಿನ ಮನೆಗೆ ಮೀಟರ್ ಬೇರೆನಾ ಸಾರ್? ಕಾವೇರಿ ನೀರು ಎಷ್ಟು ದಿನಕ್ಕೊಂದ್ಸಲ? ಬೋರ್ ಇದ್ಯಾ?" ಮಾಲೀಕರಿಗೆ ಇದು ಬಾಯಿಪಾಠ. ಗೆಳೆಯ ತಡವರಿಸುತ್ತಾನೆ. ಬೆಸ್ಕಾಂ ಬಿಲ್ಲಿನ ಮೇಲಿರುವ ಹೆಸರು, ಆಸ್ತಿ ತೆರಿಗೆ ರಸೀದಿಯ ಹೆಸರು ಕೂಡ ಸುಳಿವು ಕೊಡುತ್ತವೆ, ಆದರೆ ಕರೆಂಟ್ ಬಿಲ್ ಎಷ್ಟೋ ಸಲ ಮೂವತ್ತು ವರ್ಷದ ಹಿಂದಿನ ಮಾಲೀಕರ ಹೆಸರಲ್ಲೇ ಬರುತ್ತಿರುತ್ತದೆ ಎಂಬುದು ನೆನಪಿರಲಿ. ಬಾಡಿಗೆದಾರರು ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಗೆಂದು ಆ ಮನೆಯ ಆರ್‌ಆರ್ ನಂಬರ್‌ಗೆ (ಕರೆಂಟ್ ಸಂಪರ್ಕದ ಸಂಖ್ಯೆ) ತಮ್ಮ ಆಧಾರ್ ಜೋಡಿಸಿದ್ದರೆ ಅದು ಅಲ್ಲಿ ವಾಸವಿದ್ದುದಕ್ಕೆ ಒಳ್ಳೆ ಪುರಾವೆ.

"ಬಾಡಿಗೆ ಎಷ್ಟು ತಗೋತಿದ್ರಿ?" ಎಂದು ಮೊದಲ ಪ್ರಶ್ನೆಯಾಗಿ ಕೇಳಬೇಡಿ. ಬಾಡಿಗೆ ಆದಾಯವನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ಪೂರ್ತಿ ತೋರಿಸದ ಓನರ್‌ಗಳು ಅಪರಿಚಿತ ನಂಬರಿನಿಂದ ಇಂಥ ಪ್ರಶ್ನೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ಪಡೆಯುವ ನೌಕರ ಓನರ್‌ನ ಪ್ಯಾನ್ ಕೊಡಬೇಕಾದಾಗಿನಿಂದ ಈ ಅಂಜಿಕೆ ಇನ್ನೂ ಹೆಚ್ಚು. ಮೊತ್ತ ನಿಮಗೆ ಅಗ್ರಿಮೆಂಟಿನಲ್ಲೇ ಸಿಗುತ್ತದೆ. ಫೋನಿನಲ್ಲಿ ಬೇಕಾದ್ದು ತಾರೀಖು, ನೋಟಿಸು, ಅಡ್ವಾನ್ಸ್.

ಕೇಳಿದ ಏಳು ಪ್ರಶ್ನೆ

ಎರಡನೇ ಫೋನ್ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಕೈಯಲ್ಲಿ ಪೆನ್ನು ಹಿಡಿದು. ಮೊದಲೇ ಹೇಳಿಕೊಂಡರು: "ಅವರೇ ಒಪ್ಪಿಗೆ ಕೊಟ್ಟಿದ್ದಾರೆ ಸಾರ್, ಐದು ನಿಮಿಷ ಸಾಕು."

1. ಯಾವ ತಿಂಗಳಿಂದ ಯಾವ ತಿಂಗಳ ತನಕ ಇದ್ದರು?
2. ಖಾಲಿ ಮಾಡುವ ಮಾತು ಮೊದಲು ಯಾರಿಂದ ಬಂತು, ನಿಮ್ಮಿಂದಲೋ ಅವರಿಂದಲೋ? ಎಷ್ಟು ದಿನ ಮುಂಚೆ?
3. ಹತ್ತನೇ ತಾರೀಖು ದಾಟಿ ಬಾಡಿಗೆ ಬಂದ ತಿಂಗಳು ಯಾವುದಾದರೂ ಇದೆಯಾ?
4. ಈಗ ಅವರಿಂದ ಬರಬೇಕಾದ್ದು ಏನಾದರೂ ಬಾಕಿ ಇದೆಯಾ? ಕರೆಂಟ್, ನೀರು ಸೇರಿ?
5. ಅಡ್ವಾನ್ಸ್ ಯಾವಾಗ ವಾಪಸ್ ಮಾಡ್ತೀರಿ, ಅದರಲ್ಲಿ ಏನೇನು ಕಳೀತೀರಿ?
6. ಇದ್ದಷ್ಟು ದಿನ ರಿಪೇರಿ ಏನು ಬಂತು, ಯಾರು ಮಾಡಿಸಿದರು?
7. ಮನೆ ನಿಮಗೇ ಬೇಕಿಲ್ಲದಿದ್ದರೆ ಇವರನ್ನೇ ಮುಂದುವರಿಸ್ತಿದ್ರಾ?

"ಹೇಗೆ ಜನ?" ಎಂಬ ಪ್ರಶ್ನೆ ಇದರಲ್ಲಿ ಇಲ್ಲ. ಅದಕ್ಕೆ ಬರುವ ಉತ್ತರವನ್ನು ಯಾವ ಕಾಗದದ ಜೊತೆಗೂ ತಾಳೆ ನೋಡಲಾಗದು. "ಯಾವ ಜನ?" ಎಂಬುದಂತೂ ಬೇಡವೇ ಬೇಡ. ಇಂಥ ಕರೆಗಳು ಎರಡನೇ ನಿಮಿಷಕ್ಕೆ ಜಾತಿಗೋ ಅಡುಗೆಮನೆಗೋ ಜಾರುವುದು ಎಲ್ಲರಿಗೂ ಗೊತ್ತಿರುವ ಸತ್ಯ. ಅದರಿಂದ ಬಾಡಿಗೆ ಐದನೇ ತಾರೀಖಿಗೆ ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ, ತಿಳಿಯಬೇಕಾದ್ದನ್ನು ಕೇಳಲು ಉಳಿದ ಮೂರು ನಿಮಿಷವೂ ಹೋಗುತ್ತದೆ.

ನಾಗರಬಾವಿ ಓನರ್ ಮೊದಲ ಪ್ರಶ್ನೆಗೆ ಸಲೀಸಾಗಿ ಉತ್ತರಿಸಿದರು: 2023ರ ಜನವರಿಯಿಂದ. ಎರಡನೆಯದಕ್ಕೆ ತುಸು ಎಳೆದರು. "ಅದು... ನಮ್ಮ ತಮ್ಮನ ಮದುವೆ ಆಯ್ತು, ಅವನಿಗೆ ಮನೆ ಬೇಕು ಸಾರ್. ಮಾರ್ಚ್ ಕೊನೇಲಿ ಹೇಳಿದ್ವಿ." ಹೊಗಳಿಕೆಯ ಕಾರಣ ಇಲ್ಲಿ ಸಿಕ್ಕಿತು. ಅಗ್ರಿಮೆಂಟ್ ಸೆಪ್ಟೆಂಬರ್ ತನಕ ಇತ್ತು, ಅವಧಿಗೆ ಮುಂಚೆ ಎಬ್ಬಿಸುತ್ತಿರುವವರು ಅವರು, ಬಾಡಿಗೆದಾರ ತಕರಾರಿಲ್ಲದೆ ಹೊರಟಿದ್ದೇ ಅವರಿಗೆ ಬಂಗಾರ. ನಾಲ್ಕನೆಯದಕ್ಕೆ "ಬಾಕಿ ಏನಿಲ್ಲ" ಅಂದರು. ಐದನೆಯದಕ್ಕೆ, "ಎರಡು ತಿಂಗಳದ್ದು ವಜಾ, ಪೇಂಟಿಂಗ್ ವಜಾ, ಉಳಿದಿದ್ದು ಕೀ ಕೊಟ್ಟ ದಿನ."

ಎರಡು ತಿಂಗಳದ್ದು ವಜಾ? "ಒಂದಿನ ಲೇಟಿಲ್ಲ" ಅಂದವರ ಬಾಯಲ್ಲೇ ಇದು ಬಂತು.

ಸ್ಟೇಟ್‌ಮೆಂಟಿನ ಎರಡು ಖಾಲಿ ಸಾಲು

ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ಕೇಳುವುದು ಸರಿಯಲ್ಲ, ಬೇಕಾಗಿಯೂ ಇಲ್ಲ. ಬಾಡಿಗೆ ಹೋದ ಸಾಲುಗಳು, ತಿಂಗಳ ಕೊನೆಯ ಬ್ಯಾಲೆನ್ಸ್ ಸಾಕು, ಉಳಿದದ್ದಕ್ಕೆ ಮಸಿ ಬಳಿದು ಕೊಡಲಿ. ಪಿಡಿಎಫ್ ತಿದ್ದುವುದು ಈಗ ಮಕ್ಕಳಾಟ, ಆದ್ದರಿಂದ ಎದುರಿಗೇ ಬ್ಯಾಂಕಿನ ಆ್ಯಪ್ ತೆರೆದು ಮೂರ್ನಾಲ್ಕು ಸಾಲು ತೋರಿಸಲು ಹೇಳಿ. ಇವರು ಸೋಫಾದಲ್ಲಿ ಕೂತು ತೆರೆದು ತೋರಿಸಿದರು.

2023ರ ಜನವರಿಯಿಂದ 2025ರ ಮಾರ್ಚ್‌ವರೆಗೆ 27 ಪಾವತಿ. ಅಗ್ರಿಮೆಂಟ್ ಪ್ರಕಾರ ಗಡುವು 5ನೇ ತಾರೀಖು. 19 ಸಲ ಗಡುವಿನ ಒಳಗೆ, 6 ಸಲ 6ರಿಂದ 10ರ ನಡುವೆ. ಹತ್ತು ದಾಟಿದ್ದು ಎರಡು ಸಲ: 2023ರ ಅಕ್ಟೋಬರ್ 17, 2024ರ ಜೂನ್ 14. ಮೊತ್ತ ₹20,000ದಿಂದ ಶುರುವಾಗಿ 2023ರ ಡಿಸೆಂಬರಿನಲ್ಲಿ ₹21,000, 2024ರ ನವೆಂಬರಿನಲ್ಲಿ ₹22,050. ಹನ್ನೊಂದು ತಿಂಗಳಿಗೊಮ್ಮೆ ನೂರಕ್ಕೆ ಐದು ಏರಿಕೆ, ಅಗ್ರಿಮೆಂಟಿನಲ್ಲಿ ಬರೆದಿದ್ದ ಹಾಗೇ. ಈ ಏರಿಕೆ ಸರಿಯಾದ ತಿಂಗಳಲ್ಲೇ ಕಾಣಿಸಿಕೊಂಡದ್ದು ಯಾವ ಹೊಗಳಿಕೆಗಿಂತಲೂ ಗಟ್ಟಿ ಸಾಕ್ಷಿ. ಏರಿಸಿದ ಬಾಡಿಗೆಯನ್ನು ನೆನಪಿಸದೆ ಕೊಡುವವರು ಕಡಿಮೆ.

ಏಪ್ರಿಲ್, ಮೇ: ಏನೂ ಇಲ್ಲ.

ಇಲ್ಲಿಗೆ ಎಷ್ಟೋ ಓನರ್‌ಗಳು ಕಡತ ಮುಚ್ಚುತ್ತಾರೆ. ಮುಚ್ಚಬಾರದು. ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ ಅನ್ನುವುದು ಈ ಊರಿನಲ್ಲಿ ದಿನನಿತ್ಯದ ಮಾತು. ಅದರಲ್ಲಿ ಎರಡು ಜಾತಿ. ಒಂದು, ಮೊದಲೇ ಕೇಳಿ ಒಪ್ಪಿಸಿಕೊಂಡದ್ದು. ಇನ್ನೊಂದು, ಓನರ್ ಕೇಳಿದಾಗ "ಅಡ್ವಾನ್ಸ್ ಇದೆಯಲ್ಲ, ಕಳ್ಕೊಳಿ" ಎಂದು ಕೈಯೆತ್ತಿದ್ದು. ಎರಡನೆಯದು ಕಂಡರೆ ದೂರ ಇರಬೇಕು, ಯಾಕೆಂದರೆ ಬಾಡಿಗೆ ನಿಂತ ಮೇಲೆ ಮನೆಗೆ ಆದ ಹಾನಿಗೆ ಹಿಡಿಯಲು ಓನರ್ ಕೈಯಲ್ಲಿ ಉಳಿಯುವುದು ಸಣ್ಣ ಮೊತ್ತ. ಆದರೆ ಒಪ್ಪಿ ಮಾಡಿದ್ದು ಬಾಕಿಯಲ್ಲ, ಬಾಡಿಗೆದಾರರ ಮುಂದಾಲೋಚನೆ: ಹೊಸ ಮನೆಯ ಅಡ್ವಾನ್ಸ್ ಮೊದಲು ಕಟ್ಟಬೇಕು, ಹಳೆಯದು ಆಮೇಲೆ ಬರುತ್ತದೆ, ನಡುವಿನ ಕಂದಕ ತುಂಬಲು ಇರುವ ಒಂದೇ ಉಪಾಯ ಇದು.

ಎರಡರಲ್ಲಿ ಇದು ಯಾವುದು ಎಂದು ತಿಳಿಯಲು ಎರಡು ಗುರುತು. ಮೊದಲನೆಯದು ತಾರೀಖು. ಒಪ್ಪಂದದ ಮೆಸೇಜು ಮೊದಲ ಬಾಡಿಗೆ ತಪ್ಪುವ ಮುಂಚಿನದೋ ಆಮೇಲಿನದೋ? ಇವರು ತೋರಿಸಿದ ಚಾಟ್‌ನಲ್ಲಿ ಮಾರ್ಚ್ 28ರಂದು ಓನರ್ ಖಾಲಿ ಮಾಡಲು ಹೇಳಿದ್ದರು, ಮಾರ್ಚ್ 30ರಂದು ಇವರು "ಏಪ್ರಿಲ್ ಮೇ ಬಾಡಿಗೆ ಅಡ್ವಾನ್ಸಲ್ಲಿ ಅಡ್ಜಸ್ಟ್ ಮಾಡ್ಕೊಳ್ತೀರಾ ಸಾರ್, ಹೊಸ ಮನೆಗೆ ಕಟ್ಟಬೇಕು" ಎಂದು ಕೇಳಿದ್ದರು, ಅದೇ ರಾತ್ರಿ "ಸರಿ" ಎಂದು ಉತ್ತರ ಬಂದಿತ್ತು. ಗಡುವು ಏಪ್ರಿಲ್ 5. ಮೆಸೇಜು ಆರು ದಿನ ಮುಂಚಿನದು.

ಎರಡನೆಯ ಗುರುತನ್ನು ಬಹಳ ಜನ ನೋಡುವುದೇ ಇಲ್ಲ: ಉಳಿದ ದುಡ್ಡು ಎಲ್ಲಿ ಹೋಯಿತು? ಹೊಸ ಅಡ್ವಾನ್ಸಿಗೆಂದು ಬಾಡಿಗೆ ನಿಲ್ಲಿಸಿದ್ದರೆ ಎರಡು ತಿಂಗಳಲ್ಲಿ ಬ್ಯಾಲೆನ್ಸ್ ಹೆಚ್ಚುಕಮ್ಮಿ ₹44,100ರಷ್ಟು ಏರಿರಬೇಕು. ಏರದಿದ್ದರೆ ಅದು ಕೈಗಡಕ್ಕೋ ಕಾರ್ಡಿನ ಬಾಕಿಗೋ ಹೋಗಿದೆ, ಸಂಬಳ ಸಾಲುತ್ತಿಲ್ಲ ಎಂದರ್ಥ. ಇವರದು ಮಾರ್ಚ್ ಕೊನೆಗೆ ₹71,000 ಇದ್ದದ್ದು ಮೇ ಮೂರನೇ ವಾರಕ್ಕೆ ₹1,12,000 ಆಗಿತ್ತು.

ಓನರಮ್ಮನ ಸಿಟ್ಟಿನ ಬೆಲೆ ₹8,000

ರಾಜಾಜಿನಗರಕ್ಕೆ ಎರಡನೇ ಫೋನು ಮಾಡಿದ್ದು ಮನೆಯಾಕೆ. ಅದೇ ಸರಿಯಾಯಿತು. ಓನರಮ್ಮ ಮೊದಲು "ಅವತ್ತೇ ಹೇಳಿದ್ನಲ್ಲ" ಎಂದು ಬಿಗಿದುಕೊಂಡರು. "ಬೇಜಾರು ಮಾಡ್ಕೋಬೇಡಿ ಅಮ್ಮಾ, ನಾವು ಕೆಳಗೇ ಇರೋರು, ಅದಕ್ಕೆ ಸ್ವಲ್ಪ ವಿವರ ಕೇಳೋಣ ಅಂತ" ಅಂದಮೇಲೆ ಇಪ್ಪತ್ತು ನಿಮಿಷ ಮಾತಾಡಿದರು.

ಸಿಟ್ಟಿನಲ್ಲಿರುವವರ ಬಳಿ ವಾದ ಮಾಡಬಾರದು. ಅವರ ಒಂದೊಂದು ಮಾತಿಗೂ ತಿಂಗಳು, ಮೊತ್ತ ಕೇಳುತ್ತಾ ಹೋದರೆ ಸಾಕು. "ಬಾಡಿಗೆ ಸತಾಯಿಸಿದ್ದು ಯಾವಾಗ ಅಮ್ಮಾ?" "ಅದೇ, ಕೊರೋನಾ ಟೈಮಲ್ಲಿ." 2020ರ ಏಪ್ರಿಲ್, ಮೇ ತಿಂಗಳಲ್ಲಿ ಅರ್ಧರ್ಧ ಬಾಡಿಗೆ ಬಂದಿತ್ತು. ಮಿಕ್ಕಿದ್ದು? ಸೆಪ್ಟೆಂಬರ್ ಹೊತ್ತಿಗೆ ತೀರಿಸಿದ್ದರು. ನಾಲ್ಕು ವರ್ಷದಲ್ಲಿ ಉಳಿದ ತಿಂಗಳು? "ಇಲ್ಲ ಬಿಡಿ, ಕೊಡ್ತಿದ್ರು."

"ಮನೆ ಹಾಳು" ಎಂಬುದು ಬಿಡಿಸಿ ನೋಡಿದಾಗ ಎರಡು ವಸ್ತು. ಒಲೆಯ ಹಿಂದಿನ ಗೋಡೆಗೆ ಎಣ್ಣೆ ಜಿಡ್ಡು, ಬಚ್ಚಲುಮನೆ ಬಾಗಿಲಿನ ಕೆಳತುದಿ ನೀರು ಕುಡಿದು ಉಬ್ಬಿದ್ದು. ಪ್ಲೈವುಡ್ ಬಾಗಿಲಿಗೆ ಕೆಳಗೆ ಅಲ್ಯುಮಿನಿಯಂ ಹಾಳೆ ಹೊಡೆಸದಿದ್ದರೆ ನಾಲ್ಕು ವರ್ಷಕ್ಕೆ ಯಾರು ಇದ್ದರೂ ಅದು ಉಬ್ಬುತ್ತದೆ. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು ಅನ್ನುವ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಸಹಜ ಸವೆತವನ್ನು ಅದರಿಂದ ಬಿಟ್ಟಿದೆ. ಅಡ್ವಾನ್ಸ್ ₹1,00,000ರಲ್ಲಿ ಆಕೆ ಹಿಡಿದದ್ದು ₹32,000: ಪೇಂಟಿಂಗಿಗೆ ₹15,000, ಬಾಗಿಲಿಗೆ ₹9,000, "ಕ್ಲೀನಿಂಗು ಇತ್ಯಾದಿ" ₹8,000. ಮೊದಲ ಎರಡನ್ನು ಇವರು ಒಪ್ಪಿದ್ದರು, ಮೂರನೆಯದಕ್ಕೆ ಬಿಲ್ ಕೇಳಿದ್ದರು. ಮಾತಿಗೆ ಮಾತು ಬೆಳೆದದ್ದು ಅಲ್ಲಿ.

ಇದೇ ಕರೆಯಲ್ಲಿ ಕೆಳಗೆ ವಾಸವಿರುವ ಮಾಲೀಕರಿಗೆ ನಿಜವಾಗಿ ಬೇಕಾದ ಒಂದು ವಿಷಯ ಸಿಕ್ಕಿತು, ಕೇಳದೆಯೇ. "ಮೋಟಾರ್ ಹಾಕಿ ಮರ್ತುಬಿಡ್ತಾರೆ ಕಣ್ರೀ. ಟ್ಯಾಂಕ್ ತುಂಬಿ ಹರೀತಾನೇ ಇರೋದು, ಬೆಳಗ್ಗೆ ಸಂಪಲ್ಲಿ ನೀರಿಲ್ಲ." ಗಂಡ ಹೆಂಡತಿ ಇಬ್ಬರೂ ಏಳೂವರೆಗೆ ಮನೆ ಬಿಡುವವರಾದರೆ ಇದು ಆಗುವಂಥದ್ದೇ. ಬಂಗಾರ ಅಂದವರು ಹೇಳದ ಸಂಗತಿಯನ್ನು ಬೈದವರು ಹೇಳಿದರು. ಪರಿಹಾರವೂ ಕಷ್ಟದ್ದಲ್ಲ: ಸಂಪಿಗೂ ಮೇಲಿನ ಟ್ಯಾಂಕಿಗೂ ಲೆವೆಲ್ ಕಂಟ್ರೋಲರ್ ಕೂರಿಸಿದರೆ ಮೋಟಾರ್ ತಾನೇ ನಿಲ್ಲುತ್ತದೆ, ಸಂಪು ಖಾಲಿಯಿದ್ದಾಗ ಒಣಗಿ ಓಡುವುದೂ ತಪ್ಪುತ್ತದೆ. ಜೂನ್ 1ಕ್ಕೆ ಮುಂಚೆ ಹಾಕಿಸಿದರು.

ಹೆಚ್ಚು ಸಮಯ ತಗೊಳ್ಳದ ಇನ್ನೊಂದು ಕೆಲಸ ಈಗಿರುವ ಮನೆಗೆ ಹೋಗಿ ಬರುವುದು. ಹೇಳಿ ಹೋಗಬೇಕು, ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಪಾತ್ರೆ ಚೆಲ್ಲಾಪಿಲ್ಲಿ ಇದೆಯೇ ಎಂದು ನೋಡಲು ಅಲ್ಲ. ನೋಡಬೇಕಾದ್ದು ಸಿಂಕಿನ ಕೆಳಗೆ ಸೋರಿಕೆ ಇದ್ದರೆ ಅದಕ್ಕೆ ಬಟ್ಟೆ ಸುತ್ತಿದ್ದಾರೋ ಪ್ಲಂಬರ್ ಕರೆಸಿದ್ದಾರೋ, ಗೋಡೆಗೆ ಮೊಳೆ ಹೊಡೆದ ರೀತಿ ಎಂಥದ್ದು. ಇವರ ಮನೆಯಲ್ಲಿ ಬಚ್ಚಲ ಬಾಗಿಲಿನ ಕೆಳಗೆ ಹೊಸ ಅಲ್ಯುಮಿನಿಯಂ ಪಟ್ಟಿ ಇತ್ತು. ರಾಜಾಜಿನಗರದ ₹9,000 ಕಲಿಸಿದ ಪಾಠ ಇರಬೇಕು.

ದುಡ್ಡು ಹೊಂದುತ್ತದೆಯೇ?

ನಾಗರಬಾವಿಯ ಅಡ್ವಾನ್ಸ್ ₹1,50,000. ಅದರಲ್ಲಿ ಎರಡು ತಿಂಗಳ ಬಾಡಿಗೆ ₹44,100, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ₹22,050 ಕಳೆದರೆ ಕೈಗೆ ಬರುವುದು ₹83,850, ಅದೂ ಕೀ ಕೊಟ್ಟ ದಿನ. ಹೊಸ ಮನೆಗೆ ಅಡ್ವಾನ್ಸ್ ₹1,50,000, ಮೊದಲ ತಿಂಗಳು ₹26,000, ಒಟ್ಟು ₹1,76,000. ತಮ್ಮ ಕೈಯಿಂದ ಹಾಕಬೇಕಾದ್ದು ₹92,150. ಖಾತೆಯಲ್ಲಿ ₹1,12,000 ಇದೆ. ಸಾಗಣೆ ಲಾರಿಯ ಖರ್ಚು ಸೇರಿದರೂ ಬಿಗಿಯಾಗಿ ಹೊಂದುತ್ತದೆ, ಸಾಲ ಬೇಕಿಲ್ಲ. ಈ ಲೆಕ್ಕ ಹಾಕದೆ ಮನೆ ಕೊಟ್ಟ ಕಡೆ ಜೂನ್ ಬಾಡಿಗೆ ಜುಲೈಗೆ ಹೋಗುತ್ತದೆ, ಆಮೇಲೆ "ಜನ ಸರಿ ಇಲ್ಲ" ಎಂಬ ಮಾತು ಹುಟ್ಟುತ್ತದೆ. ಆಗ ಸರಿ ಇಲ್ಲದ್ದು ಮೇ ತಿಂಗಳ ಲೆಕ್ಕ.

ಮನೆ ಕೊಡುವುದೆಂದು ಆಯಿತು. ₹10,000 ಟೋಕನ್, ಅಗ್ರಿಮೆಂಟ್ ದಿನ ₹65,000, ಉಳಿದ ₹75,000 ಮತ್ತು ಮೊದಲ ಬಾಡಿಗೆ ಹಳೆ ಅಡ್ವಾನ್ಸ್ ಬಂದಾಗ, ಆದರೆ ಕೀ ಅದಾದ ಮೇಲೆಯೇ. ಸಾಮಾನು ಇಳಿಸಿಕೊಂಡು ನಾಳೆ ಕೊಡ್ತೀವಿ ಅನ್ನುವುದಕ್ಕೆ ಒಪ್ಪಬಾರದು. ಒಮ್ಮೆ ಸಾಮಾನು ಒಳಗೆ ಹೋದಮೇಲೆ ಒಪ್ಪಂದ ಮಾತುಕತೆಯಾಗಿ ಬದಲಾಗುತ್ತದೆ.

ಅಗ್ರಿಮೆಂಟ್ ಎಂದಿನಂತೆ ಹನ್ನೊಂದು ತಿಂಗಳದ್ದು, ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳೇ ಷರತ್ತುಗಳಾದವು. ಬಾಡಿಗೆ 5ನೇ ತಾರೀಖಿನೊಳಗೆ ಖಾತೆಗೆ, 10 ದಾಟುವುದಾದರೆ ಮುಂಚೆ ಮೆಸೇಜು. ಬರಹದ ಒಪ್ಪಿಗೆ ಇಲ್ಲದೆ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹೊಂದಿಸುವಂತಿಲ್ಲ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಅದರ ಹೊರತು ಏನು ಕಳೆದರೂ ಬಿಲ್ ಸಮೇತ. ಕೀ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್. ಎರಡೂ ಕಡೆ ಎರಡು ತಿಂಗಳ ನೋಟಿಸು. ಒಳಗೆ ಹೋಗುವ ದಿನ ನಲ್ಲಿ, ಬಾಗಿಲು, ಸ್ವಿಚ್ಚು, ಗೋಡೆ ಎಲ್ಲದರ ವಿಡಿಯೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳುವುದು. ಬಿಲ್ಲಿನ ಷರತ್ತನ್ನು ಕೇಳಿದ್ದು ಬಾಡಿಗೆದಾರರು, ಅದು ನ್ಯಾಯವೇ ಆಗಿತ್ತು.

ಪೊಲೀಸ್ ವೆರಿಫಿಕೇಷನ್ ಕೂಡ ಮಾಡಿಸಿದರು. ಅದು ಬೇರೆಯದೇ ಕೆಲಸ. ಅಪರಾಧದ ಹಿನ್ನೆಲೆ ಇದೆಯೇ ಎಂದು ತಿಳಿಯಬಹುದು, ಬಾಡಿಗೆ ಕೊಡುತ್ತಾರೆಯೇ ಎಂದಲ್ಲ. ಒಂದನ್ನು ಮಾಡಿಸಿ ಇನ್ನೊಂದನ್ನು ಬಿಡುವಂತಿಲ್ಲ. ಆಧಾರ್ ಪ್ರತಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ್ದನ್ನು ತಗೊಂಡರೆ ಸಾಕು. ಮನೆ ಸಿಗದ ಇನ್ನಿಬ್ಬರ ಕಾಗದಗಳನ್ನು ಫೋನಿನಿಂದ ಅಳಿಸಿದರು. ಹಳೆ ಬಾಡಿಗೆದಾರರ ಗೃಹಜ್ಯೋತಿ ಜೋಡಣೆ ಮನೆಯ ಆರ್‌ಆರ್ ನಂಬರ್‌ಗೆ ಹಾಗೇ ಉಳಿದಿತ್ತು, ಅದನ್ನು ಡಿ-ಲಿಂಕ್ ಮಾಡಿಸಲು ಹಳಬರಿಗೆ ಎರಡು ಸಲ ಫೋನ್ ಮಾಡಬೇಕಾಯಿತು.

ನಾಳೆ ನಿಮಗೇ ಫೋನ್ ಬಂದಾಗ

ಈ ಮನೆಯ ಹಳೆ ಬಾಡಿಗೆದಾರರ ಬಗ್ಗೆ ಅದೇ ತಿಂಗಳು ಕೆಂಗೇರಿಯಿಂದ ಒಬ್ಬ ಓನರ್ ಯಜಮಾನರಿಗೇ ಫೋನ್ ಮಾಡಿದರು. ಹಾಗೆ ಬಂದಾಗ ಹೇಳಬೇಕಾದ್ದು ನಾಲ್ಕೇ ಸಂಗತಿ: ಇದ್ದ ಅವಧಿ, ತಡವಾದ ತಿಂಗಳುಗಳು, ಬಾಕಿ ಇದೆಯೋ ಇಲ್ಲವೋ, ಅಡ್ವಾನ್ಸಿನಲ್ಲಿ ಏನು ಹಿಡಿದಿರಿ ಎಂಬುದು. ಅದಕ್ಕೂ ಮುಂಚೆ "ಅವರು ಒಪ್ಪಿದ್ದಾರಾ?" ಎಂದು ಕೇಳಿ, ಬಾಡಿಗೆದಾರರಿಗೊಂದು ಮೆಸೇಜು ಹಾಕಿ ಖಾತರಿ ಮಾಡಿಕೊಂಡು ವಾಪಸ್ ಕರೆ ಮಾಡಿ. ಗಂಡ ಹೆಂಡತಿ ಜಗಳ, ಯಾರು ಬರ್ತಿದ್ದರು ಹೋಗ್ತಿದ್ದರು ಎಂಬುದು ಆ ಕಡೆಯವರಿಗೆ ಸೇರಿದ್ದಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಇನ್ನೊಬ್ಬರ ಹಿತ ಕಾಯಲು ಸದುದ್ದೇಶದಿಂದ ಆಡಿದ ಮಾತಿಗೆ ಅಲ್ಲಿ ವಿನಾಯಿತಿ ಇದೆ. ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿ "ಇವರಿಗೆ ಯಾರೂ ಮನೆ ಕೊಡಬೇಡಿ" ಎಂದು ಬರೆದರೆ ಆ ವಿನಾಯಿತಿ ಸಿಗುತ್ತದೆಂದು ನಂಬಿ ಕೂರಬೇಡಿ. ಯಜಮಾನರು ಕೆಂಗೇರಿಯವರಿಗೆ ಹೇಳಿದ್ದು ಇಷ್ಟು: "ಮೂರು ವರ್ಷ ಇದ್ರು, ಬಾಡಿಗೆ ಎಂಟನೇ ತಾರೀಖಿಗೆ ಬರೋದು, ಬಾಕಿ ಇಲ್ಲ. ಅಡ್ವಾನ್ಸಲ್ಲಿ ಪೇಂಟಿಂಗ್ ಮಾತ್ರ ಹಿಡಿದಿದ್ದೀನಿ. ನೀವು ಅಗ್ರಿಮೆಂಟಲ್ಲಿ ಗಡುವು ಎಂಟು ಅಂತಲೇ ಬರ್ಕೊಳಿ."